ತವಾಂಗಿಗೆ ಹೊರಟವರ ರಸ್ತೆ

ಹೆಲಿಕಾಪ್ಟರೋ, ಕಾರೋ

ತವಾಂಗಿಗೆ ಹೋಗುವುದು ಅಂತಾದ ಮೇಲೆ ನಮ್ಮ ಮನೆಯಲ್ಲಿ ಜಾಸ್ತಿ ಚರ್ಚೆಯಾದದ್ದು ಒಂದೇ ವಿಷಯ. ಗುವಾಹಟಿವರೆಗೆ ವಿಮಾನ, ಅದರಲ್ಲಿ ಮಾತೇ ಇಲ್ಲ. ಅಲ್ಲಿಂದ ಮುಂದೆ? ಅರುಣಾಚಲದ ವಾಯವ್ಯ ಮೂಲೆಯಲ್ಲಿ, ಒಂದು ಕಡೆ ಭೂತಾನ್, ಇನ್ನೊಂದು ಕಡೆ ಟಿಬೆಟ್ ಇಟ್ಟುಕೊಂಡು 10,000 ಅಡಿ ಎತ್ತರದಲ್ಲಿ ಕೂತಿರುವ ಊರು ಅದು. ರೈಲಿಲ್ಲ. ವಿಮಾನ ಇಳಿಯುವುದಿಲ್ಲ. ಹೆಲಿಕಾಪ್ಟರಿನಲ್ಲಿ ಹೋದರೆ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ತಲುಪಬಹುದು. ರಸ್ತೆಯಾದರೆ ನಾನೂರು ಕಿಲೋಮೀಟರಿಗೂ ಜಾಸ್ತಿ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಘಾಟಿ.

ಭಾವನಿಗೆ ಹೆಲಿಕಾಪ್ಟರ್ ಇಷ್ಟವಾಗಿತ್ತು. ಅಕ್ಕನಿಗೆ ಮೊದಲಿಂದಲೂ ಬೇಡ. ನಾನು ವಿಚಾರಿಸುತ್ತಾ ಹೋದಂತೆ ರಸ್ತೆಯ ಕಡೆಗೇ ವಾಲಿದೆ. ಹೆಲಿಕಾಪ್ಟರ್ ಹಾರುವುದು ಮೋಡ ಬಿಟ್ಟರೆ ಮಾತ್ರ. ತವಾಂಗಿಗೆ ಮುಂಚೆ ಸಿಗುವ ಎತ್ತರದ ಘಾಟಿ ಸೆಲಾದ ಮೇಲೆ ಮೋಡ ಕೂತರೆ ಆ ದಿನದ ಪ್ರಯಾಣ ರದ್ದು. ಬ್ಯಾಗಿನ ತೂಕಕ್ಕೂ ಕಟ್ಟುನಿಟ್ಟು ಮಿತಿ. 2011ರ ಏಪ್ರಿಲ್‌ನಲ್ಲಿ ತವಾಂಗಿನಿಂದ ಹೊರಟ ಹೆಲಿಕಾಪ್ಟರ್ ಇದೇ ಬೆಟ್ಟಗಳಲ್ಲಿ ಬಿದ್ದು ಮುಖ್ಯಮಂತ್ರಿ ದೋರ್ಜಿ ಖಂಡೂ ತೀರಿಕೊಂಡಿದ್ದರು. ಅದು ಅಲ್ಲಿಯವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಇದೆಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಉಸಿರು. ಬ್ರಹ್ಮಪುತ್ರದ ಬಯಲಿನಿಂದ ಎದ್ದು ಸೀದಾ 10,000 ಅಡಿಯಲ್ಲಿ ಇಳಿದರೆ ಮೊದಲ ಎರಡು ದಿನ ತಲೆನೋವಲ್ಲೇ ಕಳೆದುಹೋಗಬಹುದು. ರಸ್ತೆಯಲ್ಲಿ ನಡುವೆ ಒಂದೆರಡು ರಾತ್ರಿ ತಂಗುತ್ತಾ ಹೋದರೆ ಮೈ ತಾನಾಗಿ ಒಗ್ಗಿಕೊಳ್ಳುತ್ತದೆ.

ಹಾಗಾಗಿ ಗುವಾಹಟಿಯಿಂದಲೇ ಒಂದು ಕಾರು, ಅಕ್ಟೋಬರ್ ಕೊನೆ, ಮತ್ತೆ ಯಾವುದಕ್ಕೂ ಮೀಸಲಿಡದ ಒಂದು ಖಾಲಿ ದಿನ. ಆ ಖಾಲಿ ದಿನವನ್ನು ಇಟ್ಟುಕೊಳ್ಳಲೇಬೇಕು ಅಂತ ಹಟ ಹಿಡಿದವಳು ಅಕ್ಕ. ಅರುಣಾಚಲಕ್ಕೆ ಹೊರಗಿನವರು ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು. ಅದನ್ನು ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಿಸಿ ಎರಡೆರಡು ಪ್ರಿಂಟ್ ತೆಗೆದಿಟ್ಟುಕೊಂಡೆವು. ಅಕ್ಕ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಚಟ್ನಿಪುಡಿ ತುಂಬಿಕೊಂಡಳು. ಶಿರಸಿಯವರು, ಅದೂ ಸಸ್ಯಾಹಾರಿಗಳು ಅಂದಮೇಲೆ ಇದಿಷ್ಟು ಇರಲೇಬೇಕು ಅಲ್ವಾ?

ಗುವಾಹಟಿಯಿಂದ ತೇಜ್‌ಪುರ

ಗುವಾಹಟಿಯಲ್ಲಿ ಇಳಿದಾಗ ಸೆಕೆ. ಕಾರಿನ ಡ್ರೈವರ್ ಅಸ್ಸಾಮಿನವರೇ, ಮೂವತ್ತೈದರ ಆಸುಪಾಸಿನವರು. ಅಕ್ಕನನ್ನು ಮೊದಲ ಮಾತಿನಿಂದಲೇ ಬಾಯ್‌ದೇವ್ ಅಂತ ಕರೆಯತೊಡಗಿದರು. ಅಲ್ಲಿ ಅಕ್ಕಂದಿರನ್ನು ಹಾಗೇ ಕರೆಯುವುದು. ನಾವು ಅವರನ್ನು ದಾದಾ ಅಂದೆವು.

ನಗಾಂವ್ ಕಡೆಯ ಹೆದ್ದಾರಿಯಲ್ಲಿ ನಾಲ್ಕು ತಾಸು. ಎರಡೂ ಕಡೆ ಭತ್ತದ ಗದ್ದೆ, ಹಣ್ಣಾಗಿ ತಲೆ ಬಾಗಿಸಿದ ತೆನೆ. ಭಾವನ ಕಣ್ಣು ಮಾತ್ರ ಗದ್ದೆಯ ಆಚೆಗಿನ ಮನೆಗಳ ಹಿತ್ತಲಲ್ಲೇ ಇತ್ತು. ಪ್ರತಿ ಮನೆಯ ಹಿತ್ತಲಲ್ಲೂ ಅಡಿಕೆ ಮರ, ಅದಕ್ಕೆ ಹಬ್ಬಿದ ವೀಳ್ಯದ ಬಳ್ಳಿ. "ಇಲ್ನೋಡು, ತೋಟ ಅಂತ ಬೇರೆ ಇಲ್ಲ ಇವರಿಗೆ, ಮನೆಯೇ ತೋಟದೊಳಗೆ ಇದೆ" ಅಂದರು. ಚಹಾಕ್ಕೆ ನಿಂತ ಅಂಗಡಿಯಲ್ಲಿ ದಾದಾ ತಾಮೂಲ್ ಕೊಡಿಸಿದರು. ನಮ್ಮ ಹಾಗೆ ಬೇಯಿಸಿ ಒಣಗಿಸಿದ ಅಡಿಕೆಯಲ್ಲ, ಸಿಪ್ಪೆಯೊಳಗೇ ಹಸಿಯಾಗಿ ಉಳಿಸಿ ಮಾಗಿಸಿದ್ದು. ಕತ್ತರಿಸಿದ ಹೋಳು ಒದ್ದೆ, ನಡುವೆ ಕಂದು ಗೆರೆ, ವಾಸನೆ ಜೋರು. ಎಲೆ, ಸುಣ್ಣ ಸೇರಿಸಿ ಬಾಯಿಗೆ ಹಾಕಿದ ಎರಡೇ ನಿಮಿಷಕ್ಕೆ ಕಿವಿ ಬಿಸಿಯಾಗಿ ಹಣೆಯಲ್ಲಿ ಬೆವರು. ಅಡಿಕೆ ಬೆಳೆಗಾರರಾದ ಭಾವ ಅಂಗಡಿಯಜ್ಜನ ಹತ್ತಿರ ಅದನ್ನು ಎಷ್ಟು ದಿನ ಹೂತಿಡುತ್ತಾರೆ, ಕೊಳೆ ರೋಗ ಬರುತ್ತದಾ, ಮರ ಹತ್ತುವವರು ಸಿಗುತ್ತಾರಾ ಅಂತ ಕೇಳುತ್ತಾ ಕೂತರು. ದಾದಾ ನಡುವೆ ನಿಂತು ಹಿಂದಿಗೆ ತಿರುಗಿಸಿ ಹೇಳುತ್ತಿದ್ದರು. ಮರ ಹತ್ತುವವರು ಅಲ್ಲಿಯೂ ಸಿಗುವುದಿಲ್ಲವಂತೆ.

ತೇಜ್‌ಪುರಕ್ಕೆ ಮುಂಚೆ ಬ್ರಹ್ಮಪುತ್ರದ ಮೇಲಿನ ಕೊಲಿಯಾ ಭೋಮೋರಾ ಸೇತುವೆ ಸಿಗುತ್ತದೆ. ಮೂರು ಕಿಲೋಮೀಟರ್ ಉದ್ದ. ಕೆಳಗೆ ನೀರಿಗಿಂತ ಮರಳೇ ಜಾಸ್ತಿ ಕಾಣುತ್ತಿತ್ತು, ಮಳೆಗಾಲ ಮುಗಿದಿತ್ತಲ್ಲ. ಊರಿನ ನಡುವಿನ ಅಗ್ನಿಗಡ ಗುಡ್ಡದ ಮೇಲೆ ಬಾಣಾಸುರ ಮಗಳು ಉಷೆಯನ್ನು ಬೆಂಕಿಯ ಕೋಟೆಯೊಳಗೆ ಇಟ್ಟಿದ್ದನಂತೆ. ನಮ್ಮ ಕಡೆ ಯಕ್ಷಗಾನದಲ್ಲಿ ಬೆಳಗಿನ ಜಾವದವರೆಗೆ ನೋಡಿದ ಬಾಣಾಸುರ ಇಲ್ಲಿಯವನು ಅಂತ ಗೊತ್ತಾದಾಗ ಅಕ್ಕನಿಗೆ ಭಾರೀ ಖುಷಿ.

ರಾತ್ರಿ ಊಟಕ್ಕೆ ಕೂತಾಗ ಹೋಟೆಲಿನ ಯಜಮಾನರು 1962ರ ಚೀನಾ ಯುದ್ಧದ ಮಾತು ತೆಗೆದರು. ಆ ನವೆಂಬರ್‌ನಲ್ಲಿ ಮೇಲಿನ ಬೆಟ್ಟದ ಊರು ಬೊಮ್ಡಿಲಾ ಚೀನಾದವರ ಕೈಗೆ ಬಿದ್ದ ಸುದ್ದಿ ಬಂದದ್ದೇ ತೇಜ್‌ಪುರ ಪೂರ್ತಿ ಖಾಲಿಯಾಯಿತು. ಬ್ಯಾಂಕಿನವರು ನೋಟುಗಳನ್ನು ಸುಟ್ಟು ಹೋದರು. ಅವರ ತಂದೆ ಹಸುಗಳ ಹಗ್ಗ ಬಿಚ್ಚಿ ಬಿಟ್ಟು, ಮಕ್ಕಳನ್ನು ಹೊತ್ತು ನದಿ ದಾಟಿದ್ದರಂತೆ. "ವಾಪಸು ಬಂದಾಗ ಹಸುಗಳು ಅಂಗಳದಲ್ಲೇ ಇದ್ದವು" ಅಂದರು. ಮರುದಿನ ನಾವು ಹತ್ತಲಿದ್ದ ರಸ್ತೆ ಎಂಥದ್ದು ಅಂತ ಸರಿಯಾಗಿ ಅಂದಾಜಾದದ್ದು ಆಗಲೇ.

ಭಾಲುಕ್‌ಪೊಂಗ್ ಗೇಟು ದಾಟಿ

ಈಶಾನ್ಯದಲ್ಲಿ ಬೆಳಕು ಬೇಗ ಬಂದು ಬೇಗ ಹೋಗುತ್ತದೆ. ಐದು ಗಂಟೆಗೆ ಬೆಳಗಾದರೆ ಸಂಜೆ ಐದಕ್ಕೆ ಕತ್ತಲು. ಹಾಗಾಗಿ ಆರಕ್ಕೆ ಮುಂಚೆ ಹೊರಟುಬಿಡಿ, ಹೋಟೆಲಿನ ತಿಂಡಿಗೆ ಕಾಯುತ್ತಾ ಕೂರಬೇಡಿ ಅಂತ ದಾದಾ ಹೇಳಿದ್ದರು. ಅವಲಕ್ಕಿ ಕಲಸಿಕೊಂಡು ಹೊರಟೆವು.

ಭಾಲುಕ್‌ಪೊಂಗ್‌ನಲ್ಲಿ ಅಸ್ಸಾಮಿನ ಬಯಲು ಮುಗಿಯುತ್ತದೆ. ಒಂದು ಗೇಟು, ಪೊಲೀಸ್ ಚೌಕಿ, ಪರ್ಮಿಟ್ ತೋರಿಸಿ ರಿಜಿಸ್ಟರಿನಲ್ಲಿ ಬರೆಸುವುದು. ಪ್ರಿಂಟ್ ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ನಮ್ಮ ಮುಂದಿದ್ದವರ ಪರ್ಮಿಟ್ ಫೋನಿನಲ್ಲಿತ್ತು, ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಪಾಪ, ಅವರು ಪಕ್ಕಕ್ಕೆ ಗಾಡಿ ನಿಲ್ಲಿಸಿಕೊಂಡು ಇನ್ನೂ ಕಾಯುತ್ತಿದ್ದರು.

ಗೇಟಿನ ಆಚೆಗೆ ಕಾಡು, ಪಕ್ಕದಲ್ಲೇ ಕಾಮೆಂಗ್ ನದಿ. ಅಸ್ಸಾಮಿನಲ್ಲಿ ಜಿಯಾ ಭರಾಲಿ ಅನ್ನಿಸಿಕೊಳ್ಳುವುದು ಇದೇ ನೀರು. ಮರದ ಮೈಮೇಲೆಲ್ಲ ಜರಿಗಿಡ, ಸೀತಾಳೆ ದಂಡೆ, ಕಾಡುಬಾಳೆ. ಕಾರಿನ ಗಾಜು ಇಳಿಸಿದರೆ ಹಸಿ ಎಲೆಯ ವಾಸನೆ. ಇದು ನಮ್ಮ ದೇವಿಮನೆ ಘಟ್ಟದ ಕಾಡೇ ಅಂತ ಅಕ್ಕ ಹೇಳುತ್ತಿದ್ದಂತೆ ರಸ್ತೆ ಎದ್ದು ಹತ್ತತೊಡಗಿತು.

ಒಂದು ತಿರುವಿನ ಆಚೆ ಗಾಡಿಗಳ ಸಾಲು. ರಾತ್ರಿ ಗುಡ್ಡ ಜಾರಿತ್ತು. ಸೇನೆಯ ಲಾರಿಗಳು, ಟಾಟಾ ಸುಮೋಗಳು, ಗ್ಯಾಸ್ ಸಿಲಿಂಡರಿನ ಗಾಡಿ, ಒಂದು ಮದುವೆ ದಿಬ್ಬಣ. ಮುಂದೆ ಬುಲ್ಡೋಜರ್ ಕೆಸರು ತಳ್ಳುತ್ತಿತ್ತು. ಈ ರಸ್ತೆಯನ್ನು ನೋಡಿಕೊಳ್ಳುವುದು ಗಡಿ ರಸ್ತೆ ಸಂಸ್ಥೆಯ ಪ್ರಾಜೆಕ್ಟ್ ವರ್ತಕ್. 1960ರಲ್ಲಿ ಸಂಸ್ಥೆ ಶುರುವಾದಾಗಲೇ ಹುಟ್ಟಿಕೊಂಡದ್ದು. ಪ್ರತಿ ಮಳೆಗಾಲ ಬೆಟ್ಟ ಇಳಿದು ಬರುತ್ತದೆ, ಪ್ರತಿ ಸಲ ಇವರು ಅದನ್ನು ಎತ್ತಿ ಹಾಕುತ್ತಾರೆ. ಕೆಲಸದವರಲ್ಲಿ ಹೆಂಗಸರೇ ಜಾಸ್ತಿ. ಒಬ್ಬಾಕೆ ಬೆನ್ನಿಗೆ ಮಗು ಕಟ್ಟಿಕೊಂಡೇ ಕಲ್ಲು ಹೊರುತ್ತಿದ್ದಳು. ಅಕ್ಕ ಇಳಿದು ಹೋಗಿ ಮಗುವನ್ನು ಎತ್ತಿಕೊಳ್ಳಲಾ ಅಂತ ಕೈಸನ್ನೆಯಲ್ಲಿ ಕೇಳಿದಳು. ಆಕೆ ನಕ್ಕು ಬಟ್ಟೆಯ ಗಂಟು ಬಿಚ್ಚಿ ಕೊಟ್ಟೇಬಿಟ್ಟಳು. ರಸ್ತೆ ತೆರೆಯುವವರೆಗೆ ಎರಡು ತಾಸು ಆ ಮಗು ನಮ್ಮ ಹಿಂದಿನ ಸೀಟಿನಲ್ಲಿ ಅಕ್ಕನ ಶಾಲು ಹೊದ್ದು ಮಲಗಿತ್ತು. ನಾವು ಹೊರಡುವಾಗ ಎಬ್ಬಿಸದೆ ಕೊಟ್ಟಳು. ಅಲ್ಲಿಂದ ಮುಂದೆ ರಸ್ತೆ ಕೆಟ್ಟಿದೆ ಅಂತ ನಮ್ಮಲ್ಲಿ ಯಾರೂ ಗೊಣಗಲಿಲ್ಲ.

ನೆಚಿಫೂ ಅನ್ನುವ ಕಡೆ ಮಂಜು ಯಾವಾಗಲೂ ಇರುತ್ತದಂತೆ. ಮೊದಲು ಅಲ್ಲಿ ಗಾಡಿಗಳು ಆಮೆ ವೇಗದಲ್ಲಿ ಹೋಗಬೇಕಿತ್ತು. 2023ರಲ್ಲಿ ಸುರಂಗ ತೆರೆದ ಮೇಲೆ ಆ ತೊಂದರೆ ತಪ್ಪಿದೆ. ತೆಂಗಾ ಕಣಿವೆಯಲ್ಲಿ ಊಟ. ಸಸ್ಯಾಹಾರ ಬೇಕಾದವರಿಗೆ ಒಂದು ಮಾತು: ಸುಮ್ನೆ "ವೆಜ್" ಅಂದರೆ ಸಾಕಾಗುವುದಿಲ್ಲ, ಒಲೆಯ ಹತ್ತಿರ ಹೋಗಿ ಅನ್ನ, ದಾಲ್, ಆಲೂ, ಸೊಪ್ಪು ಅಂತ ಹೆಸರಿಟ್ಟು ಹೇಳಬೇಕು. ಆಗ ಅವರು ಬೇರೆ ಬಾಣಲೆಯಲ್ಲಿ ಬಿಸಿಬಿಸಿ ಮಾಡಿಕೊಡುತ್ತಾರೆ. ಅಲ್ಲಿಯ ಸಾಸಿವೆ ಸೊಪ್ಪಿನ ಪಲ್ಯ ಬೆಳ್ಳುಳ್ಳಿ, ಮೆಣಸಿನಕಾಯಿ ಬಿಟ್ಟರೆ ಬೇರೇನೂ ಹಾಕದ್ದು. ನನಗೆ ಆ ಊಟ ಇನ್ನೂ ಬಾಯಲ್ಲಿದೆ.

ಬೊಮ್ಡಿಲಾ 8,000 ಅಡಿಯ ಹತ್ತಿರದ ಊರು. ಅಲ್ಲಿ ಚಹಾ ಕುಡಿಯುತ್ತಾ ನಾನು ಭಾವನಿಗೆ ದಲೈ ಲಾಮಾ ಬಂದ ದಾರಿಯ ಕಥೆ ಹೇಳಿದೆ. ಲ್ಹಾಸಾದಿಂದ ಹೊರಟ ಅವರು 1959ರ ಮಾರ್ಚ್ 31ರಂದು ಖಿನ್‌ಜೆಮನೆಯಲ್ಲಿ ಗಡಿ ದಾಟಿದರು. ತವಾಂಗಿಗೆ ಬಂದರು. ಬೆಟ್ಟದ ದಾರಿಯಲ್ಲಿ ಬೊಮ್ಡಿಲಾಕ್ಕೆ ಇಳಿದು, ಅಲ್ಲಿಂದ ಜೀಪಿನಲ್ಲಿ ಹೊರಟು ಏಪ್ರಿಲ್ 18ಕ್ಕೆ ತೇಜ್‌ಪುರ ತಲುಪಿದರು. ಅವರ ಹಿಂದೆ ಸಾವಿರಾರು ಜನ. ಅವರಲ್ಲಿ ಎಷ್ಟೋ ಮಂದಿಗೆ ಕೊನೆಗೆ ನೆಲೆ ಸಿಕ್ಕಿದ್ದು ಬೈಲಕುಪ್ಪೆಯಲ್ಲಿ, ಆಮೇಲೆ ನಮ್ಮ ಪಕ್ಕದ ಮುಂಡಗೋಡಿನಲ್ಲಿ. ಮುಂಡಗೋಡು ಸಂತೆಯಲ್ಲಿ ಕೆಂಪು ನಿಲುವಂಗಿಯವರ ಜೊತೆ ನಿಂತು ತರಕಾರಿ ಚೌಕಾಸಿ ಮಾಡಿ ಬೆಳೆದವರು ನಾವು. ಅವರು ಇಳಿದು ಬಂದ ರಸ್ತೆಯನ್ನೇ ನಾವು ಹತ್ತುತ್ತಿದ್ದೆವು. ಭಾವ ಲೋಟ ಕೆಳಗಿಟ್ಟು, "ಇದನ್ನ ಮೊದಲೇ ಹೇಳಿದ್ದಿದ್ರೆ ನಾನು ಹೆಲಿಕಾಪ್ಟರ್ ಮಾತೇ ಎತ್ತುತ್ತಿರಲಿಲ್ಲ ಮಾರಾಯಾ" ಅಂದರು.

ದಿರಾಂಗ್

ಬೊಮ್ಡಿಲಾದಲ್ಲಿ ಉಳಿಯದೆ ದಿರಾಂಗಿಗೆ ಇಳಿದೆವು. ಇದು 5,000 ಅಡಿಯ ಆಸುಪಾಸು. ಮರುದಿನ ಸೆಲಾ ಹತ್ತುವವರು ರಾತ್ರಿ ಇಲ್ಲಿ ಚೆನ್ನಾಗಿ ನಿದ್ದೆ ಮಾಡಿದರೆ ಅರ್ಧ ಕೆಲಸ ಆದಂತೆ. ನಾವು ಇಲ್ಲಿ ಎರಡು ರಾತ್ರಿ ಇಟ್ಟುಕೊಂಡಿದ್ದೆವು, ಯಾರೇ ಕೇಳಿದರೂ ಹಾಗೇ ಮಾಡಿ ಅನ್ನುತ್ತೇನೆ.

ನದಿಯ ಪಕ್ಕದ ಹೋಂಸ್ಟೇ. ಮನೆಯ ಅಮ್ಮ ಮೊನ್ಪಾ ಜನಾಂಗದವರು. ಬೆಳಿಗ್ಗೆ ಅವರ ಹಿತ್ತಲಿನ ಕೀವಿ ತೋಟ ನೋಡಿದೆವು. ದ್ರಾಕ್ಷಿಯ ಚಪ್ಪರದ ಥರ ತಂತಿ ಎಳೆದು ಹಬ್ಬಿಸಿದ ಬಳ್ಳಿ, ಕೆಳಗೆ ತಲೆ ತಾಗುವಷ್ಟು ತಗ್ಗಿನಲ್ಲಿ ಕಂದು ರೋಮದ ಕಾಯಿಗಳ ಗೊಂಚಲು. ಕೊಯ್ಲು ಶುರುವಾಗಿತ್ತು. ಗಟ್ಟಿಯಿರುವಾಗಲೇ ಕೊಯ್ದು ಪೆಟ್ಟಿಗೆಗೆ ತುಂಬುತ್ತಾರೆ, ತೇಜ್‌ಪುರ ಮುಟ್ಟುವಾಗ ಹಣ್ಣಾಗುತ್ತದೆ. ರಸ್ತೆ ಕಟ್ಟಿಕೊಂಡರೆ ಪೆಟ್ಟಿಗೆ ದಾರಿಯಲ್ಲೇ ಕೊಳೆಯುತ್ತದೆ ಅಂದರು. ಹಿಂದಿನ ದಿನ ನಾವು ಎರಡು ತಾಸು ನಿಂತಿದ್ದ ಜಾಗದಲ್ಲಿ ಅವರ ಪೆಟ್ಟಿಗೆಗಳೂ ನಿಂತಿದ್ದವಂತೆ.

ಮಧ್ಯಾಹ್ನ ಅವರು ಜಾನ್ ಮಾಡಿದರು. ಎಸರು ಕುದಿಯುವಾಗ ಹಿಟ್ಟು ಸುರಿದು, ಮರದ ಕೋಲಿನಿಂದ ತಿರುವಿ, ಗಂಟಿಲ್ಲದಂತೆ ಬೇಯಿಸಿ ಉಂಡೆ ಕಟ್ಟುವುದು. ಹಿಟ್ಟು ಯಾವುದು ಅಂತ ಮುಟ್ಟಿ ನೋಡಿದರೆ ರಾಗಿ! ಹಾವೇರಿ ಕಡೆಯ ನೆಂಟರ ಮನೆಯಲ್ಲಿ ಉಂಡ ಮುದ್ದೆ ಹಿಮಾಲಯದ ಒಲೆಯ ಮೇಲೆ ಕೂತಿತ್ತು. ಜೊತೆಗೆ ಸೊಪ್ಪು, ಮೆಣಸಿನಕಾಯಿ, ಚುರ್ಪಿ ಹಾಕಿದ ಸಾರು. ಚುರ್ಪಿ ಅಂದರೆ ಯಾಕ್ ಹಾಲಿನ ಗಿಣ್ಣು, ಹುಳಿ ಬಂದದ್ದು, ವಾಸನೆ ಗಡುಸು. ಅಕ್ಕ ಬ್ಯಾಗಿನಿಂದ ಅಪ್ಪೆಮಿಡಿ ತೆಗೆದು ಅಮ್ಮನ ತಟ್ಟೆಗೆ ಹಾಕಿದಳು. ಅವರು ಮಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಸಣ್ಣಗೆ ಕಚ್ಚಿ, ಕಣ್ಣು ಮುಚ್ಚಿಕೊಂಡು ಚೀಪಿದರು. ಆಮೇಲೆ ಡಬ್ಬಿಯನ್ನೇ ತಮ್ಮ ಕಡೆ ಎಳೆದುಕೊಂಡರು. ಅರ್ಧ ಡಬ್ಬಿ ಅಲ್ಲೇ ಉಳಿಯಿತು, ಬದಲಿಗೆ ನಮಗೆ ಒಂದು ಸರ ಒಣ ಚುರ್ಪಿ ಸಿಕ್ಕಿತು. ಅದು ಕಲ್ಲಿನಷ್ಟು ಗಟ್ಟಿ. ಘಾಟಿಯಲ್ಲಿ ಹೊಟ್ಟೆ ತೊಳಸಿದಾಗ ದವಡೆಯಲ್ಲಿಟ್ಟುಕೊಳ್ಳಿ ಅಂತ ಹೇಳಿಕೊಟ್ಟರು. ನಿಜಕ್ಕೂ ಕೆಲಸ ಮಾಡಿತು.

ಸಂಜೆ ದಿರಾಂಗ್ ಜೋಂಗ್‌ಗೆ ಹೋದೆವು. ಕಲ್ಲಿನ ಹಳೆಯ ಕೋಟೆಮನೆ, ಸುತ್ತ ಕಲ್ಲು ಮರದ ಮನೆಗಳು, ಇಕ್ಕಟ್ಟು ಓಣಿ, ಚಾವಣಿಯ ಮೇಲೆ ಒಣಗುತ್ತಿರುವ ಕೆಂಪು ಮೆಣಸಿನಕಾಯಿ ಮತ್ತು ಮೆಕ್ಕೆಜೋಳ. ಜನ ಈಗಲೂ ಅಲ್ಲೇ ಬಾಳುತ್ತಿದ್ದಾರೆ, ಹಾಗಾಗಿ ಫೋಟೋ ತೆಗೆಯುವ ಮುಂಚೆ ಕೇಳುವುದು ಚೆಂದ.

ಸೆಲಾ

ದಿರಾಂಗಿನಿಂದ ಹೊರಟ ಮೇಲೆ ಗಿಡಮರಗಳು ಗಂಟೆಗೊಂದು ಥರ ಬದಲಾದವು. ಮೊದಲು ಓಕ್, ಆಮೇಲೆ ಪೈನ್, ಸೆಂಗೆ ದಾಟಿದ ಮೇಲೆ ಕುಳ್ಳ ಪೊದೆಗಳು, ಬೈಸಾಖಿಯ ಸೇನಾ ಶಿಬಿರದ ಹೊತ್ತಿಗೆ ಬರೀ ಕಂದು ಹುಲ್ಲು. ಇಲ್ಲಿ ದಾದಾ ಕಾರು ನಿಲ್ಲಿಸಿ, ಸುರಂಗವೋ ಮೇಲಿನ ದಾರಿಯೋ ಅಂತ ಕೇಳಿದರು.

2024ರ ಮಾರ್ಚ್‌ನಲ್ಲಿ ಸೆಲಾ ಸುರಂಗ ತೆರೆದಿದೆ. 13,000 ಅಡಿಯ ಎತ್ತರದಲ್ಲಿ ಬೆಟ್ಟ ಕೊರೆದು ಮಾಡಿದ್ದು. ಮೊದಲು ಚಳಿಗಾಲದ ಹಿಮಕ್ಕೆ ಸೆಲಾ ಮುಚ್ಚಿದರೆ ತವಾಂಗಿಗೆ ರಸ್ತೆಯೇ ಇಲ್ಲ. ರೋಗಿಗಳು, ಅಕ್ಕಿ, ಸೀಮೆಎಣ್ಣೆ ಎಲ್ಲ ಈಚೆಗೇ ಉಳಿಯುತ್ತಿದ್ದವು. ಈಗ ಹಾಗಿಲ್ಲ. ಅವಸರದಲ್ಲಿರುವವರು ಸುರಂಗದಲ್ಲಿ ನುಗ್ಗಿ ಹೋಗುತ್ತಾರೆ. ನೋಡಲು ಬಂದವರು ಮಾತ್ರ ಡ್ರೈವರಿಗೆ ಮೊದಲೇ ಹೇಳಿ ಹಳೆಯ ದಾರಿಯಲ್ಲಿ ಹತ್ತಬೇಕು. ನಾವು ಹತ್ತಿದೆವು.

ಸೆಲಾ 13,700 ಅಡಿ. ಬಣ್ಣಬಣ್ಣದ ದೊಡ್ಡ ಕಮಾನು, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಮಂತ್ರದ ಬಾವುಟಗಳು, ಆಚೆ ಕಡೆ ಸರೋವರ. ಬಾಗಿಲು ತೆಗೆದದ್ದೇ ಗಾಳಿ ಕಾರಿನೊಳಗಿನ ಕಾಗದವನ್ನೆಲ್ಲ ಎಬ್ಬಿಸಿತು. ಸರೋವರದ ಅಂಚಿನಲ್ಲಿ ಗಾಜಿನ ಚೂರಿನಂಥ ತೆಳು ಮಂಜುಗಡ್ಡೆ, ನಡುವೆ ಕಪ್ಪು ನೀರು. ಇಪ್ಪತ್ತು ಹೆಜ್ಜೆ ಬಿರುಸಾಗಿ ನಡೆದ ಭಾವ ಹಾಗೇ ನಿಂತು ಉಸಿರು ಎಳೆದುಕೊಂಡರು. ಇಲ್ಲಿ ಎಲ್ಲವನ್ನೂ ಅರ್ಧ ವೇಗದಲ್ಲಿ ಮಾಡಬೇಕು, ಮಾತೂ ಸೇರಿ. ಅಂಗಡಿಯಲ್ಲಿ ಬಿಸಿ ಮ್ಯಾಗಿ ತಿಂದು, ಮುಕ್ಕಾಲು ತಾಸಿನೊಳಗೆ ಇಳಿದುಬಿಟ್ಟೆವು.

ಇಳಿಜಾರಿನಲ್ಲಿ ಜಸ್ವಂತ್‌ಗಡ. 1962ರ ನವೆಂಬರ್ 17ರಂದು ನೂರಾನಂಗ್ ಕಾಳಗದಲ್ಲಿ ತೀರಿಕೊಂಡ ನಾಲ್ಕನೇ ಗಢ್ವಾಲ್ ರೈಫಲ್ಸ್‌ನ ರೈಫಲ್‌ಮನ್ ಜಸ್ವಂತ್ ಸಿಂಗ್ ರಾವತ್ ಅವರ ನೆನಪಿನ ಜಾಗ. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅವರು ಇನ್ನೂ ಕಾವಲಿದ್ದಾರೆ ಅಂತ ಅಲ್ಲಿಯವರ ನಂಬಿಕೆ. ಸೈನಿಕರು ಈಗಲೂ ಅವರ ಹಾಸಿಗೆ ಹಾಸುತ್ತಾರೆ, ಬೂಟಿಗೆ ಪಾಲಿಶ್ ಹಾಕುತ್ತಾರೆ. ಗಾಜಿನ ಆಚೆ ಆ ಬೂಟು ಕಂಡಿತು. ಲಾಡಿ ಬಿಗಿಯಾಗಿ ಕಟ್ಟಿತ್ತು. ದಾರಿಹೋಕರಿಗೆಲ್ಲ ಸೈನಿಕರೇ ಚಹಾ ಕೊಡುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಅಕ್ಕ ಲೋಟ ತೊಳೆದಿಡಲು ಹೋದರೆ ಒಬ್ಬ ಹುಡುಗ ಕಿತ್ತುಕೊಂಡು, "ನೀರು ತಣ್ಣಗಿದೆ ಅಮ್ಮಾಜಿ" ಅಂದ. ಇಪ್ಪತ್ತೆರಡೂ ದಾಟಿರಲಿಕ್ಕಿಲ್ಲ ಅವನಿಗೆ.

ಜಂಗ್ ಹತ್ತಿರ ನೂರಾನಂಗ್ ಜಲಪಾತ ನೋಡಿ, ತವಾಂಗ್ ಚು ನದಿಯವರೆಗೆ ಇಳಿದು, ಸೇತುವೆ ದಾಟಿ ಮತ್ತೆ ಹತ್ತುವಾಗ ಟೈರ್ ಪಂಚರ್. ಕತ್ತಲಾಗುತ್ತಿತ್ತು. ಎದುರಿನಿಂದ ಬಂದ ಸುಮೋದವರು ಕೇಳದೆಯೇ ನಿಲ್ಲಿಸಿದರು, ನಾಲ್ಕು ಜನ ಇಳಿದರು, ಒಬ್ಬ ಟಾರ್ಚು ಹಿಡಿದ. ಹದಿನೈದು ನಿಮಿಷಕ್ಕೆ ಸ್ಟೆಪ್ನಿ ಕೂತಿತು. ಹೆಸರು ಕೇಳುವ ಮುಂಚೆ ಹೊರಟೇಹೋದರು. ಈ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ ಅಂದರು ದಾದಾ.

ತವಾಂಗ್

ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದರೆ ಎದುರಿನ ದಿಣ್ಣೆಯ ಮೇಲೆ ಮಠ. ಹಳದಿ ಚಾವಣಿ, ಬಿಳಿ ಗೋಡೆ, ಬೆಟ್ಟದ ಬೆನ್ನಿಗೆ ಅಂಟಿಕೊಂಡ ಮನೆಗಳ ಗುಂಪು. 1680–81ರಲ್ಲಿ ಮೆರಾಗ್ ಲಾಮಾ ಲೊದ್ರೆ ಗ್ಯಾತ್ಸೊ ಐದನೇ ದಲೈ ಲಾಮಾರ ಇಚ್ಛೆಯಂತೆ ಕಟ್ಟಿಸಿದ್ದು. ಮಠಕ್ಕೆ ಜಾಗ ಸಿಗದೆ ಧ್ಯಾನಕ್ಕೆ ಕೂತಿದ್ದಾಗ ಅವರ ಕುದುರೆ ಕಾಣೆಯಾಗಿ, ಹುಡುಕಿದಾಗ ಈ ದಿಣ್ಣೆಯ ಮೇಲೆ ನಿಂತಿತ್ತಂತೆ. ಭಾರತದ ಅತಿ ದೊಡ್ಡ ಬೌದ್ಧ ಮಠ ಇದೇ.

ಬೆಳಗಿನ ಪ್ರಾರ್ಥನೆಗೆ ಹೋದರೆ ಒಳ್ಳೆಯದು. ದೊಡ್ಡ ಪ್ರಾರ್ಥನಾ ಮಂದಿರ, ಭಾರೀ ಎತ್ತರದ ಬುದ್ಧ, ತುಪ್ಪದ ದೀಪದ ಜಿಡ್ಡು ವಾಸನೆ. ಏಳೆಂಟು ವರ್ಷದ ಹುಡುಗರು ತಮ್ಮ ಸೊಂಟದೆತ್ತರದ ಕೆಟಲಿನಲ್ಲಿ ಬೆಣ್ಣೆ ಚಹಾ ಹೊತ್ತು ಸಾಲುಗಳ ನಡುವೆ ಓಡುತ್ತಿದ್ದರು. ನಮಗೂ ಬಡಿಸಿದರು. ಉಪ್ಪು ಹಾಕಿದ ಚಹಾ ಅಂತ ಅಂದುಕೊಂಡು ಕುಡಿದರೆ ಬೇಸರವಾಗಬಹುದು, ತಿಳಿಸಾರು ಅಂದುಕೊಂಡರೆ ಎರಡನೇ ಬಟ್ಟಲೂ ಇಳಿಯುತ್ತದೆ.

ಅಂಗಳದಲ್ಲಿ ನಾವು ಮೂವರೂ ಮಾತಾಡಿಕೊಂಡು ನಿಂತಿದ್ದೆವು. ಹಿಂದಿನಿಂದ ಒಂದು ದನಿ: "ನಮಸ್ಕಾರ್ರೀ. ಯಾವೂರು ನಿಮ್ದು?"

ತಿರುಗಿದರೆ ಐವತ್ತರ ಆಸುಪಾಸಿನ ಒಬ್ಬ ಭಿಕ್ಷು. ಶಿರಸಿ ಅಂದೆ. "ಅಯ್ಯ, ಮಾರಿಕಾಂಬಾ ಜಾತ್ರಿಗೆ ಬಂದೇನಲ್ರೀ ನಾನು!" ಅಂತ ಭಾವನ ಎರಡೂ ಕೈ ಹಿಡಿದುಕೊಂಡರು. ತವಾಂಗ್ ಪಕ್ಕದ ಹಳ್ಳಿಯವರು. ಹುಡುಗನಾಗಿದ್ದಾಗ ಓದಲು ಮುಂಡಗೋಡಿನ ಡ್ರೆಪುಂಗ್ ಮಠಕ್ಕೆ ಹೋಗಿ, ಹದಿನೆಂಟು ವರ್ಷ ಅಲ್ಲಿ ಕಳೆದಿದ್ದರು. ತವಾಂಗ್ ಮಠಕ್ಕೂ ಲ್ಹಾಸಾದ ಡ್ರೆಪುಂಗಿಗೂ ಹಿಂದಿನಿಂದಲೂ ನಂಟು. ಲ್ಹಾಸಾದ ದಾರಿ ಮುಚ್ಚಿಹೋದ ಮೇಲೆ ಡ್ರೆಪುಂಗ್ ಮತ್ತೆ ಕಟ್ಟಿಕೊಂಡದ್ದು ನಮ್ಮ ಮುಂಡಗೋಡಿನಲ್ಲಿ. ಹಾಗಾಗಿ ಇಲ್ಲಿಯ ಹುಡುಗರು ಈಗ ಅಲ್ಲಿಗೆ ಬರುತ್ತಾರೆ. ಮೊದಲ ಬೇಸಿಗೆಯಲ್ಲಿ ಮೈಯೆಲ್ಲ ಬೊಬ್ಬೆ ಎದ್ದು ಅತ್ತಿದ್ದು, ಕ್ಯಾಂಪಿನ ಹೊಲದಲ್ಲಿ ಮೆಕ್ಕೆಜೋಳ ಮುರಿದದ್ದು, ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಕನ್ನಡ ಕಲಿತದ್ದು, ಎಲ್ಲ ಹೇಳಿದರು. ಗಿರ್ಮಿಟ್ ನೆನಪಾಗುತ್ತದೆ ಅಂದರು. ಅಕ್ಕ ರೂಮಿಗೆ ಹೋಗಿ ಉಳಿದಿದ್ದ ಚಟ್ನಿಪುಡಿ, ಚುರುಮುರಿ, ಈರುಳ್ಳಿ ತಂದಳು. ಅವರ ಕೋಣೆಯಲ್ಲಿ ಕೂತು ಕೈಗೆ ಸಿಕ್ಕಿದ್ದರಲ್ಲೇ ಕಲಸಿದೆವು. ಹುಣಸೆಹಣ್ಣಿಲ್ಲ, ಪುಠಾಣಿ ಇಲ್ಲ. ಆದರೂ ಅವರು ತಟ್ಟೆ ಖಾಲಿ ಮಾಡಿದರು.

ಹೊರಡುವಾಗ ತಮ್ಮ ಗುರುಗಳಿಗೆ ಅಂತ ಒಂದು ಕಟ್ಟು ಧೂಪ, ಮೊನ್ ಶುಗು ಕಾಗದದಲ್ಲಿ ಬರೆದ ಪತ್ರ ಕೊಟ್ಟರು. ಇದು ಇಲ್ಲಿಯ ಪೊದೆಯ ತೊಗಟೆಯಿಂದ ಕೈಯಲ್ಲೇ ಮಾಡುವ ಕಾಗದ, ಧರ್ಮಗ್ರಂಥಗಳನ್ನು ಬರೆಯಲು ಬಳಸುತ್ತಿದ್ದದ್ದು. ಮಡಚಿದರೂ ಗೆರೆ ಬೀಳುವುದಿಲ್ಲ. ಊರಿಗೆ ಬಂದ ವಾರವೇ ಭಾವ ಮುಂಡಗೋಡಿಗೆ ಹೋಗಿ ಅದನ್ನು ಮುಟ್ಟಿಸಿ ಬಂದರು.

ಮಧ್ಯಾಹ್ನ ಉರ್ಗೆಲ್ಲಿಂಗ್. ಆರನೇ ದಲೈ ಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೊ 1683ರಲ್ಲಿ ಹುಟ್ಟಿದ್ದು ಈ ಪುಟ್ಟ ಮಠದಲ್ಲಿ. ಪ್ರೇಮದ ಹಾಡು ಬರೆದ ದಲೈ ಲಾಮಾ ಅವರು. ಅಂಗಳದಲ್ಲಿ ಒಬ್ಬ ಅಜ್ಜಿ ಒದ್ದೆ ಬಟ್ಟೆ ಒಣಹಾಕುತ್ತಿದ್ದರು, ಬೇರೆ ಯಾರೂ ಇರಲಿಲ್ಲ. ಸಂಜೆ 1962ರ ಯುದ್ಧದ ಸ್ಮಾರಕಕ್ಕೆ ಹೋದೆವು. ಸ್ತೂಪದ ಸುತ್ತ ಕಾಮೆಂಗ್ ವಲಯದಲ್ಲಿ ತೀರಿಕೊಂಡ 2,420 ಜನರ ಹೆಸರುಗಳಿವೆ. ಭಾವ ಒಂದೊಂದೇ ಫಲಕದ ಮುಂದೆ ನಿಂತು ಓದುತ್ತಾ ಹೋದರು, ಮುಗಿಸುವವರೆಗೆ ನಾವು ಕರೆಯಲಿಲ್ಲ.

ಬುಮ್ ಲಾ

ಬುಮ್ ಲಾ ಅಂದರೆ ಚೀನಾ ಗಡಿ, 15,200 ಅಡಿ. ಹೊರಗಿನ ಗಾಡಿಗಳು ಅಲ್ಲಿಗೆ ಹೋಗುವಂತಿಲ್ಲ, ತವಾಂಗಿನ ಟ್ಯಾಕ್ಸಿಯೇ ಆಗಬೇಕು. ಅನುಮತಿ ಒಂದು ದಿನ ಮುಂಚೆ ಜಿಲ್ಲಾಧಿಕಾರಿ ಕಚೇರಿಯಿಂದ ತರಬೇಕು. ಹೋಟೆಲಿನವರಿಗೆ ಅಥವಾ ಟ್ಯಾಕ್ಸಿಯವರಿಗೆ ಗುರುತಿನ ಚೀಟಿ, ಇನ್ನರ್ ಲೈನ್ ಪರ್ಮಿಟ್ ಎರಡರ ಜೆರಾಕ್ಸ್ ಕೊಟ್ಟರೆ ಅವರೇ ಮಾಡಿಸುತ್ತಾರೆ. ಜೆರಾಕ್ಸ್ ಊರಿನಿಂದಲೇ ಒಯ್ಯಿರಿ. ತವಾಂಗಿನಲ್ಲಿ ಕರೆಂಟು ಹೋದರೆ ಅಂಗಡಿ ಇದ್ದೂ ಇಲ್ಲದಂತೆ.

ನಮಗೆ ಅನುಮತಿ ಸಿಕ್ಕ ದಿನ ಬೆಳಿಗ್ಗೆ ನೋಡಿದರೆ ಬೆಟ್ಟದ ತಲೆಯೆಲ್ಲ ಬಿಳಿ. ರಾತ್ರಿ ಹಿಮ ಬಿದ್ದು ದಾರಿ ಮುಚ್ಚಿದೆ ಅಂತ ಸೇನೆಯವರು ಗಾಡಿಗಳನ್ನು ತಿರುಗಿಸಿ ಕಳಿಸುತ್ತಿದ್ದರು. ಅಕ್ಕ ಹಟ ಹಿಡಿದು ಇಟ್ಟುಕೊಂಡ ಖಾಲಿ ದಿನ ಉಪಯೋಗಕ್ಕೆ ಬಂದದ್ದು ಇಲ್ಲಿ. ಮಾರನೇ ದಿನಕ್ಕೆ ಮತ್ತೆ ಅನುಮತಿ ಮಾಡಿಸಿ, ಅವತ್ತು ನೆಹರು ಮಾರ್ಕೆಟ್ ಸುತ್ತಿದೆವು. ಪಕ್ಕದ ರೂಮಿನ ದಂಪತಿಗೆ ಅದೇ ದಿನ ವಾಪಸು ಹೊರಡಬೇಕಿತ್ತು, ನೋಡದೆಯೇ ಹೋದರು.

ಮಾರನೇ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಟ್ಯಾಕ್ಸಿ ಓಡಿಸುವ ಮೊನ್ಪಾ ಹುಡುಗ ಟೈರಿಗೆ ಸರಪಳಿ ಸುತ್ತಿದ. ದಾರಿಯಲ್ಲಿ ಸುಬೇದಾರ್ ಜೋಗಿಂದರ್ ಸಿಂಗ್ ಸ್ಮಾರಕ. 1962ರ ಅಕ್ಟೋಬರ್ 23ರಂದು ಬೆರಳೆಣಿಕೆಯ ಸಿಖ್ ಸೈನಿಕರನ್ನು ಇಟ್ಟುಕೊಂಡು ಈ ದಾರಿಯನ್ನು ತಡೆದು ನಿಂತವರು. ಗಾಯಗೊಂಡು ಸೆರೆ ಸಿಕ್ಕಿ ಅಲ್ಲೇ ತೀರಿಕೊಂಡರು, ಪರಮವೀರ ಚಕ್ರ ಬಂತು. ನಾವು ಹೋದದ್ದೂ ಅಕ್ಟೋಬರ್ ಕೊನೆಗೆ. ನಾಲ್ಕು ಪದರ ಉಣ್ಣೆ ಹಾಕಿಕೊಂಡರೂ ಬೆರಳು ಮರಗಟ್ಟುತ್ತಿತ್ತು. ಅವರಿಗೆ ಸರಿಯಾದ ಕೋಟೂ ಇರಲಿಲ್ಲ.

ಬುಮ್ ಲಾದಲ್ಲಿ ಒಂದು ಕಲ್ಲಿನ ರಾಶಿ, ಬಾವುಟಗಳು, ಆಚೆ ಇದೇ ಬಣ್ಣದ ಹುಲ್ಲು, ಇದೇ ಹಿಮ. ಭಾವನಿಗೆ ಹಣೆ ಸಿಡಿಯತೊಡಗಿತ್ತು. ಅಲ್ಲಿಯ ಸೈನಿಕ ಮುಖ ನೋಡಿಯೇ ತಿಳಿದುಕೊಂಡು, "ಕೂತ್ಕೊಳ್ಳಿ, ಬಿಸಿನೀರು ಕುಡಿದು ಕೆಳಗಿಳಿಯಿರಿ, ಇದಕ್ಕೆ ಇಳಿಯುವುದೇ ಔಷಧಿ" ಅಂದ. ಹಾಗೇ ಮಾಡಿದೆವು. ಸಂಗೆತ್ಸರ್ ಸರೋವರಕ್ಕೆ ಬರುವಷ್ಟರಲ್ಲಿ ನೋವು ಇಳಿದಿತ್ತು. ಭೂಕಂಪದಲ್ಲಿ ಕಣಿವೆ ಮುಳುಗಿ ಆದ ಸರೋವರ ಅದು. ಅಂದು ನಿಂತಿದ್ದ ಮರಗಳು ಈಗಲೂ ನೀರಿನೊಳಗೆ ಬೊಡ್ಡೆಯಾಗಿ ನಿಂತಿವೆ, ಒಂದೊಂದರ ತುದಿಗೂ ಒಂದು ಹಿಡಿ ಹಿಮ. ಮಾಧುರಿ ದೀಕ್ಷಿತ್ ನಟಿಸಿದ ಚಿತ್ರದ ಹಾಡು ಇಲ್ಲಿ ತೆಗೆದ ಮೇಲೆ ಎಲ್ಲರ ಬಾಯಲ್ಲೂ ಇದು ಮಾಧುರಿ ಲೇಕ್.

ಇಳಿಯುವ ದಾರಿ

ವಾಪಸು ಬರುವಾಗ ತೆಂಗಾದಿಂದ ಬೇರೆ ದಾರಿ ಹಿಡಿದೆವು. ರೂಪಾ, ಶೇರ್‌ಗಾಂವ್, ಕಲಕ್‌ತಂಗ್ ಮೇಲಿನಿಂದ ಅಸ್ಸಾಮಿನ ಓರಂಗಿಗೆ ಇಳಿಯುವ ರಸ್ತೆ. ಗುವಾಹಟಿಗೆ ಹೋಗುವವರಿಗೆ ಇದೇ ಅನುಕೂಲ. ಗಾಡಿಗಳು ಕಡಿಮೆ, ಶೇರ್ದುಕ್ಪೆನ್ ಜನರ ಹಳ್ಳಿಗಳು ಅಚ್ಚುಕಟ್ಟು. ರಸ್ತೆ ಪಕ್ಕದಲ್ಲಿ ಸೇಬು ಮಾರುತ್ತಿದ್ದ ಹುಡುಗಿ ಒಂದು ಬುಟ್ಟಿ ಕೊಂಡರೆ ಎರಡು ಹಣ್ಣು ಕೈಗಿಟ್ಟು, ದಾರಿಯಲ್ಲಿ ತಿನ್ನಿ ಅಂದಳು.

ಓರಂಗಿನ ಹತ್ತಿರ ದಾದಾ ಮನೆ. ಹೇಳದೆ ಕೇಳದೆ ಕಾರು ಅವರ ಅಂಗಳಕ್ಕೇ ತಿರುಗಿತು. ಅವರ ತಾಯಿ ಕಾಲುಳ್ಳ ಕಂಚಿನ ತಟ್ಟೆಯಲ್ಲಿ ತಾಮೂಲ್ ತಂದಿಟ್ಟರು. ಆಮೇಲೆ ಅನ್ನ, ಉದ್ದಿನ ಬೇಳೆ, ಹಿತ್ತಲಿನ ಬದನೆಕಾಯಿ. ಊಟವಾದದ್ದೇ ಭಾವ ಹಿತ್ತಲಿಗೆ ಹೋಗಿ ಅಡಿಕೆ ಮರಗಳ ಬುಡ ನೋಡತೊಡಗಿದರು. ನಾಲ್ಕು ಮರಕ್ಕೆ ಬೇರು ಮೇಲೆದ್ದಿತ್ತು. ಮಣ್ಣು ಏರಿಸಿ, ಸೊಪ್ಪು ಮುಚ್ಚಿ, ಮಳೆಗಾಲಕ್ಕೆ ಮುಂಚೆ ಸುಣ್ಣ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯಬೇಕು ಅಂತ ಅಳತೆ ಸಮೇತ ಹೇಳಿದರು. ದಾದಾ ಕಾರಿನ ಡೈರಿಯಲ್ಲಿ ಅಸ್ಸಾಮಿಯಲ್ಲಿ ಬರೆದುಕೊಂಡರು. ಗುವಾಹಟಿ ಮುಟ್ಟುವಾಗ ರಾತ್ರಿ ಒಂಬತ್ತು. ವಿಮಾನ ಮರುದಿನ ಮಧ್ಯಾಹ್ನಕ್ಕೆ ಇದ್ದದ್ದರಿಂದ ಆ ಹಿತ್ತಲಲ್ಲಿ ಎಷ್ಟು ಹೊತ್ತು ನಿಂತರೂ ನಮಗೆ ಅವಸರವಿರಲಿಲ್ಲ.